ಸಿದ್ದಲಿಂಗವ್ವನ ಕೈಗೆ ತಿಳಿಯದ ಬಿಸಿ

ನಮ್ಮ ತಾಂಬಾದಲ್ಲಿ ಸಿದ್ದಲಿಂಗವ್ವ ಎರೆಯದ ಕೂಸು ಕಡಿಮೆ. ಮೂವತ್ತೈದು ವರ್ಷಗಳಿಂದ ಮನೆಮನೆಯ ಬಚ್ಚಲಲ್ಲಿ ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ನೀರು ಹಾಕುತ್ತ ಬಂದಿದ್ದಾಳೆ. ಗಂಡ ತೀರಿದ ಮೇಲೆ ಮಗಳನ್ನು ಸಾಕಿದ್ದು ಇದರಿಂದಲೇ. ಒಮ್ಮೆ ಸವರಿದರೆ ಸಾಕು, ನನ್ನ ಎರಡು ತಿಂಗಳ ಮಗಳ ಹೊಟ್ಟೆಯಲ್ಲಿ ವಾಯು ಎಲ್ಲಿ ನಿಂತಿದೆ ಎಂದು ಹೇಳುತ್ತಾಳೆ. ಅಂಥವಳ ಕೈ ಮೇಲೆ ನನಗೆ ಸಂಶಯ ಬಂತು.

ಸೋಮವಾರ ಎರೆದ ಮೇಲೆ ಕೂಸಿನ ಬೆನ್ನು ಕೆಂಪಾಗಿತ್ತು. ಮಂಗಳವಾರವೂ ಹಾಗೇ.

"ಹಸೀ ಮೈ, ತಿಕ್ಕಿದ್ರ ಕೆಂಪಾಗೂದ," ಎಂದಳು.

ತಿಕ್ಕದ ಪಾದಗಳೂ ಕೆಂಪಾಗಿದ್ದವು. ಅಂದಿನಿಂದ ಅವಳ ಕೈಯನ್ನೇ ನೋಡತೊಡಗಿದೆ.

ಬುಧವಾರ ಧೂಪಕ್ಕೆ ಕೆಂಡವನ್ನು ಬೆರಳಿಂದಲೇ ಎತ್ತಿ ಹಾಕಿದಳು. "ಪುಣ್ಯದ ಕೈ, ಸುಡೂದಿಲ್ಲ," ಎಂದು ಅತ್ತೆ ಹೊಗಳಿದರು. ಬೆರಳ ತುದಿಯಲ್ಲಿ ಮೊದಲೇ ಎದ್ದ ಬೊಬ್ಬೆಯಿತ್ತು.

"ಇದು ಯಾವಾಗ ಆತು, ಆಯಿ?"

"ಯಾವಾಗೋ ಏನೋ."

ಹೊರಡುವಾಗ ಒಂದು ಚಪ್ಪಲಿ ಕಳಚಿ ಅಂಗಳದಲ್ಲೇ ಉಳಿಯಿತು. ಅವಳು ಗೊತ್ತಿಲ್ಲದೆ ಓಣಿ ದಾಟಿದಳು. ಸಕ್ಕರೆ ಕಾಯಿಲೆ ಹೆಚ್ಚಾದಾಗ ನನ್ನ ಅಪ್ಪನಿಗೂ ಹೀಗೇ ಕಾಲು ಜೋಮು ಹಿಡಿದು, ಆಮೇಲೆ ಕೈಗೆ ಬಿಸಿ ತಿಳಿಯದಂತಾಗಿತ್ತು. ಮುಟ್ಟಿದ್ದು ತಿಳಿಸುವ ನರ ಬೇರೆ, ಬಿಸಿ ತಿಳಿಸುವ ನರ ಬೇರೆ, ಒಂದು ಕೆಟ್ಟರೂ ಇನ್ನೊಂದು ನಡೆಯುತ್ತಿರಬಹುದು ಎಂದು ಅಂದು ಡಾಕ್ಟರು ಹೇಳಿದ್ದರು.

ಗುರುವಾರ ಎರಡು ತಂಬಿಗೆ ಇಟ್ಟೆ, ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು.

"ಕಣ್ಣ ಮುಚ್ಚಿ ಬೆರಳ ಅದ್ದು, ಆಯಿ. ಬಿಸೀದು ಯಾವುದು?"

"ಈ ವಯಸ್ಸಿನ್ಯಾಗ ನನ್ನ ಸಾಲೀಗಿ ಹಚ್ಚತಿಯೇನು?" ಎಂದು ನಕ್ಕಳು. ಎರಡರಲ್ಲೂ ಬೆರಳು ಅದ್ದಿದಳು. ನಗು ನಿಂತಿತು. ತಣ್ಣೀರಿನ ತಂಬಿಗೆ ತೋರಿಸಿದಳು.

ಕಣ್ಣು ತೆರೆದು ನನ್ನ ಮುಖ ನೋಡಿ, ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಚಳ್ಯಾಗ ಉಗಿ ನೋಡಿ ಹದಾ ಹಿಡೀತಿದ್ನಿ, ಭಾಗ್ಯಾ. ಬ್ಯಾಸಗ್ಯಾಗ ಉಗಿ ಕಾಣವಲ್ದು. ಊರಾಗ ಹೇಳಬ್ಯಾಡ. ಒಂದು ಕೂಸೂ ಕೈಗಿ ಕೊಡೂದಿಲ್ಲ."

"ನಮ್ಮದು ಬಿಟ್ಟು ಇನ್ನೂ ಮೂರು ಮನ್ಯಾಗ ಎರಿಯಾಕತ್ತಿ. ನಾಳೆ ನೀನ ಹೇಳು, ಇಲ್ಲಂದ್ರ ನಾ ಹೇಳ್ತೇನಿ. ಸೋಮವಾರ ಇಂಡಿ ದವಾಖಾನಿಗಿ ಹೋಗೂಣು, ರಕ್ತ ತೋರಿಸೂಣು."

ಅವಳು ಎಣ್ಣೆ ಬಟ್ಟಲು ಹತ್ತಿರ ಎಳೆದುಕೊಂಡಳು. ಅಂದು ನಾನೇ ಮೊಣಕೈ ಅದ್ದಿ ನೀರು ಹದ ಮಾಡಿಕೊಟ್ಟೆ, ಅವಳು ಎರೆದಳು. ಕೂಸು ಹಾಯಾಗಿ ಮಲಗಿತು.

ಶುಕ್ರವಾರ ನಂಬಿಕೆ ಸಾಲದೆ ಆ ಮೂರು ಮನೆಗಳಲ್ಲಿ ಒಂದಾದ ಪಕ್ಕದ ಮುಕ್ತಾಳ ಹಿತ್ತಲ ಗೋಡೆಗೆ ಕಿವಿಗೊಟ್ಟು ನಿಂತೆ.

"ಮೊದಲ ನಿನ್ನ ಮೊಣಕೈ ಅದ್ದು, ಮುಕ್ತಾಬಾಯಿ. ಹಡದಾಕಿ ಅದ್ದಿ ನೋಡಲಾರದ ನಾ ನೀರ ಹಾಕೂದಿಲ್ಲ."

"ಇದ್ಯಾವ ಹೊಸಾ ಪದ್ಧತಿ, ಆಯಿ?"

"ಹಳೇದ ಐತಿ. ನೀವ ಮರತೀರಿ."

ತುಸು ಹೊತ್ತಿನ ಮೇಲೆ ಮುಕ್ತಾಳ ದನಿ ಕೇಳಿತು: "ಅಯ್ಯ, ಭಾಳ ಬಿಸಿ ಐತಿ." ತಣ್ಣೀರು ಸುರಿದ ಸದ್ದಾಯಿತು.

ಕೈಯ ವಿಷಯ ಮಾತ್ರ ಅವಳು ಹೇಳಲಿಲ್ಲ. ತಾಯಿಯೇ ನೀರು ನೋಡಿದರೆ ಕೂಸಿಗೆ ಅಪಾಯವಿಲ್ಲ, ಹಾಗಾಗಿ ಸೋಮವಾರದವರೆಗೆ ನಾನೂ ಬಾಯಿ ಬಿಡುವುದಿಲ್ಲ. ಆದರೆ ಇನ್ನೆರಡು ಮನೆಗಳ ಗೋಡೆ ನಮಗೆ ದೂರ. ಹಾಲಿಗೆ ಹೆಪ್ಪು ಕೇಳುವ ನೆಪದಲ್ಲಿ, ಎರೆಯುವ ಹೊತ್ತಿಗೇ ಹೋಗಿ ನೋಡಿಬರುತ್ತೇನೆ.