ಬೆನ್ನು ಬಲ್ಲ ಮಾಸ್ತರ

ನಮ್ಮ ಶಾಲೆಯ ನೆಲದ ನಟ್ಟನಡುವೆ ಒಂದು ದುಂಡನೆಯ ಗುರುತಿತ್ತು. ಪ್ರತಿ ಶನಿವಾರ ಹುಡುಗಿಯರು ಸೆಗಣಿ ಕಲಸಿ ನೆಲ ಸಾರಿಸುತ್ತಿದ್ದರು. ಸೋಮವಾರ ನೆಲ ಸಪಾಟಾಗಿರುತ್ತಿತ್ತು. ಬುಧವಾರದ ಹೊತ್ತಿಗೆ ಆ ಗುರುತು ಮತ್ತೆ ಮೂಡಿರುತ್ತಿತ್ತು. ಗಿರಿಮಲ್ಲಪ್ಪ ಮಾಸ್ತರರು ದಿನವೆಲ್ಲ ಅಲ್ಲೇ ಸುತ್ತು ಹಾಕುತ್ತಿದ್ದರು. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿದ ಹಾಗೆ ಎಂದು ಊರವರು ನಗುತ್ತಿದ್ದರು. ‘ತಿರಗಣಿ ಮಾಸ್ತರ’ ಎಂದು ಹೆಸರನ್ನೂ ಇಟ್ಟಿದ್ದರು. ಮಾಸ್ತರರಿಗೆ ಅದು ಗೊತ್ತಿತ್ತು. “ಎತ್ತ ತಿರಗಿದ್ರನ ಕಾಳ ಉದರತಾವ. ನಿಂತ ಎತ್ತಿನ ಹಿಂದ ಏನ ಉದರತೈತಿ ಅಂತ ಎಲ್ಲಾರಿಗೂ ಗೊತ್ತೈತಿ” ಎನ್ನುತ್ತಿದ್ದರು.

ನಮ್ಮದು ಇಂಗಳೇಶ್ವರದ ಆಚೆ, ಬಸ್ಸು ಬಾರದ ಸಣ್ಣ ಹಳ್ಳಿ. ಎಪ್ಪತ್ತರ ದಶಕದಲ್ಲಿ ಅಲ್ಲಿದ್ದದ್ದು ಒಂದೇ ಕೋಣೆಯ ಶಾಲೆ, ಒಬ್ಬರೇ ಮಾಸ್ತರರು, ಒಂದರಿಂದ ನಾಲ್ಕರವರೆಗೆ ಇಯತ್ತೆಗಳು. ಅಂಥ ಶಾಲೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ, ಒಂದಿಷ್ಟು ಓದಿಸಿ, ಒಂದಿಷ್ಟು ಬೈದು ದಿನ ದೂಡಬಹುದು. ನಮ್ಮ ಮಾಸ್ತರರು ಹಾಗೆ ಮಾಡಲಿಲ್ಲ. ಕೋಣೆಗೆ ಗೋಡೆ ನಾಲ್ಕು, ಇಯತ್ತೆಯೂ ನಾಲ್ಕು ಎಂದು ಒಂದೊಂದು ಇಯತ್ತೆಗೆ ಒಂದೊಂದು ಗೋಡೆ ಹಂಚಿಬಿಟ್ಟರು. ಇದ್ದಿಲು ಅರೆದು ನಾಲ್ಕೂ ಗೋಡೆಗೆ ಎದೆಮಟ್ಟ ಬಳಿಸಿದರು. ಅಕ್ಷರ, ಮಗ್ಗಿ, ನಕಾಶೆ ಎಲ್ಲ ಗೋಡೆಯ ಮೇಲೆಯೇ. ಬಾಗಿಲಿದ್ದ ಗೋಡೆ ಒಂದನೆಯವರದು, ಒಂದಕ್ಕೆ ಹೊರಗೆ ಓಡುವವರಲ್ಲಿ ಅವರದೇ ಪಾಲು ಹೆಚ್ಚು ಎಂಬ ಕಾರಣಕ್ಕೆ. ಮಕ್ಕಳು ತಮ್ಮ ಗೋಡೆಗೆ ಮುಖ ಮಾಡಿ, ಮಾಸ್ತರರಿಗೆ ಬೆನ್ನು ಕೊಟ್ಟು ಕೂರಬೇಕು. ಊರಲ್ಲಿ ಯಾರೂ “ನಿಮ್ಮ ಹುಡುಗ ಎಷ್ಟನೇ ಇಯತ್ತೆ?” ಎಂದು ಕೇಳುತ್ತಿರಲಿಲ್ಲ. “ಯಾವ ಗೋಡಿಗಿ ಅದಾನ?” ಎಂದೇ ಕೇಳುವುದು.

ಮಕ್ಕಳ ಬೆನ್ನು ನೋಡಿ ಪಾಠ ಹೇಳುವುದೇನು ಚಂದ ಎಂದು ಒಮ್ಮೆ ಶಾಲೆ ತಪಾಸಣೆಗೆ ಬಂದ ಸಾಹೇಬರು ಆಕ್ಷೇಪಿಸಿದರಂತೆ. ಮಾಸ್ತರರ ಉತ್ತರ ಊರಿಗೆಲ್ಲ ಬಾಯಿಪಾಠವಾಗಿತ್ತು: “ಮಾರಿ ಸುಳ್ಳ ಹೇಳತೈತ್ರಿ ಸಾಹೇಬ್ರ, ಬೆನ್ನ ಹೇಳಂಗಿಲ್ಲ.” ತೂಕಡಿಸುವವನ ಬೆನ್ನು ಜೋಳದ ಚೀಲದ ಹಾಗೆ ಕುಸಿಯುತ್ತದೆ, ಲೆಕ್ಕ ಬಾರದವನ ಹೆಗಲು ಕಿವಿಗೆ ಏರುತ್ತದೆ, ಬಂದವನ ಬೆನ್ನು ನೆಟ್ಟಗಾಗುತ್ತದೆ. ನಾಲ್ಕನೆಯವರಿಗೆ ಲೆಕ್ಕ ಬರೆದುಕೊಟ್ಟು, ಮೂರನೆಯವರಿಗೆ ಮಗ್ಗಿ ಹಚ್ಚಿ, ಒಂದನೆಯವರ ಪಾಟಿ ತಿದ್ದುತ್ತ, ಓರೆಗಣ್ಣಲ್ಲೇ ನೋಡಿ, “ಬಸ್ಯಾ, ನಿನ್ನ ಬೆನ್ನ ಮನೀಗಿ ಹೋಗಾಕತ್ತೈತಿ, ಹಿಡಕೋ” ಎನ್ನುತ್ತಿದ್ದರು.

ಇದರಿಂದ ಒಂದು ಫಜೀತಿಯೂ ಆಗುತ್ತಿತ್ತು. ಬಾಗೇವಾಡಿ ಸಂತೆಯಲ್ಲಿ ಹಳೆಯ ವಿದ್ಯಾರ್ಥಿ ಎದುರಿಗೆ ಬಂದು ಕಾಲು ಮುಟ್ಟಿ ನಮಸ್ಕರಿಸಿದರೆ ಮಾಸ್ತರರು ಕಣ್ಣು ಪಿಳಿಪಿಳಿ ಬಿಡುತ್ತಿದ್ದರು. ಅವನು ಪೆಚ್ಚಾಗಿ ತಿರುಗಿ ನಾಲ್ಕು ಹೆಜ್ಜೆ ಹೋದನೋ ಇಲ್ಲವೋ, ಸಂತೆಗೆಲ್ಲ ಕೇಳುವಂತೆ, “ಏ ಸಂಗ್ಯಾ! ನೀ ಏನೋ?” ಎಂದು ಕೂಗುತ್ತಿದ್ದರು.

ಅವರು ಮುದ್ದೇಬಿಹಾಳದ ಕಡೆಯವರು. ಸೋಮವಾರ ಸೈಕಲ್ ಮೇಲೆ ಬಂದರೆ ಶನಿವಾರ ಮಧ್ಯಾಹ್ನ ಹೋಗುವುದು. ನಡುವೆ ಹಣಮಪ್ಪನ ಗುಡಿಯ ಹಿಂದಿನ ಖೋಲಿಯಲ್ಲಿ ಇರುತ್ತಿದ್ದರು; ರೊಟ್ಟಿ ತಾವೇ ಬಡಿದುಕೊಳ್ಳುತ್ತಿದ್ದರು. ಗಂಡಸು ರೊಟ್ಟಿ ಬಡಿಯುವ ಸಪ್ಪಳ ಕೇಳಲೆಂದೇ ನಾವು ಕೆಲವರು ಆ ದಾರಿಯಲ್ಲಿ ನೀರಿಗೆ ಹೋಗುತ್ತಿದ್ದೆವು. ಸಿಟ್ಟು ಬಂದರೆ ಸೀಮೆಸುಣ್ಣ ಎಸೆಯುತ್ತಿದ್ದರು, ಆಮೇಲೆ ತಾವೇ ಹುಡುಕಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅವರ ಕೈಯಲ್ಲಿ ಎಲ್ಲರೂ ಕಲಿತರು ಎಂದರೆ ಸುಳ್ಳಾದೀತು. ಬಸ್ಯಾ ಎರಡನೇ ಗೋಡೆಗೆ ಮೂರು ವರ್ಷ ಕೂತು, ಕೊನೆಗೆ ಎಮ್ಮೆಯ ಹಿಂದೆ ಹೋದ. ಒಬ್ಬ ಮನುಷ್ಯ ಎಷ್ಟೆಂದು ತಿರುಗಿಯಾನು?

ಇನ್ನು ನನ್ನ ಮಾತು. ನನಗೆ ಗೋಡೆಯೇ ಇರಲಿಲ್ಲ.

ಶಾಲೆಗೆ ಹೆಸರು ಹಚ್ಚಿದ್ದು ನನ್ನ ತಮ್ಮ ಈರಣ್ಣನದು. ನನಗಾಗ ಎಂಟು ವರ್ಷ. ಹೆಣ್ಣುಹುಡುಗಿಗೆ ಓದೇಕೆ ಎಂದು ನಮ್ಮ ಮನೆಯಲ್ಲಿ ಯಾರೂ ವಾದ ಮಾಡಲಿಲ್ಲ. ಆ ಪ್ರಶ್ನೆ ಯಾರ ತಲೆಗೂ ಬಂದಿರಲೇ ಇಲ್ಲ. ಆದರೆ ಈರಣ್ಣ ನನ್ನ ಸೆರಗು, ಅಂದರೆ ಲಂಗದ ಚುಂಗು, ಬಿಟ್ಟರೆ ಊರು ಒಂದಾಗುವ ಹಾಗೆ ಅಳುತ್ತಿದ್ದ. ಮೊದಲ ದಿನ ಅಪ್ಪ ನಮ್ಮಿಬ್ಬರನ್ನೂ ಕರೆತಂದು, “ಇವನ್ನ ಬರ್ಕೋರಿ ಮಾಸ್ತರ್ರ. ಇಕಿ ಬರೇ ಕೂಡ್ತಾಳ, ಅವ ಅಳೂದ ಬಿಡೂತನ” ಎಂದ. ನಾನು ಹೊಸ್ತಿಲ ಮೇಲೆ ಕೂತೆ.

“ಹೊಸ್ತಲದ ಮ್ಯಾಲ ಕೂಡಬ್ಯಾಡ ತಂಗಿ, ಈಚೆ ಬಾ” ಎಂದರು ಮಾಸ್ತರರು. “ಹೊಸ್ತಲಾ ದಾಟಿದ್ರ ಸಾಲಿ. ಸಾಲ್ಯಾಗ ಕೂಡು.”

ನಾನು ಹೊಸ್ತಿಲಿನ ಒಳಗೆ, ಬಾಗಿಲ ಚೌಕಟ್ಟಿಗೆ ಒರಗಿ ಕೂತೆ. ಮಗ್ಗುಲಲ್ಲೇ ಈರಣ್ಣ ತನ್ನ ಗೋಡೆಗೆ ಮುಖ ಮಾಡಿದ್ದ. ಇಡೀ ಕೋಣೆಯಲ್ಲಿ ಮಾಸ್ತರರ ಕಡೆ ಮುಖ ಮಾಡಿ ಕೂತವಳು ನಾನೊಬ್ಬಳೇ. ಉಳಿದವರಿಗೆ ಒಂದು ಗೋಡೆ ಕಂಡರೆ ನನಗೆ ಮೂರು ಕಾಣುತ್ತಿದ್ದವು. ಉಳಿದ ಒಂದನೆಯವರ ಗೋಡೆಗೆ ಕತ್ತು ಹೊರಳಿಸಿದರೆ ಸಾಕು. ನನಗೆ ಯಾರೂ ಏನೂ ಕಲಿಸಲಿಲ್ಲ. ನೆಲದ ಮೇಲೆ ಬೆರಳಿಂದ ಬರೆಯುತ್ತ, ತುಟಿ ಅಲುಗಿಸುತ್ತ ಕೂತಿರುತ್ತಿದ್ದೆ. ಮಾಸ್ತರರು ನೋಡಿಯೂ ನೋಡದವರ ಹಾಗೆ ಇರುತ್ತಿದ್ದರು. ಆದರೆ ಮೂರನೇ ಗೋಡೆಗೆ ಬರೆದದ್ದನ್ನು ಅಳಿಸುವ ಮುಂಚೆ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದರು. ನಾನು ಬರೆದು ಮುಗಿಸಿರದಿದ್ದರೆ ಇನ್ನೊಂದು ಸುತ್ತು ತಿರುಗಿ ಬಂದು ಅಳಿಸುತ್ತಿದ್ದರು.

ದೀಪಾವಳಿಯ ಹೊತ್ತಿಗೆ ಈರಣ್ಣ ಅಳುವುದನ್ನು ಬಿಟ್ಟ. ಅವನು ಅಳದಿದ್ದರೆ ನಾನು ಹೊಲಕ್ಕೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನಾನು ಅವನನ್ನು ಚೂಟತೊಡಗಿದೆ. ದಿನಕ್ಕೊಮ್ಮೆ, ಅಪ್ಪ ಎತ್ತು ಹೊಡೆದುಕೊಂಡು ಶಾಲೆಯ ಮುಂದೆ ಹಾಯುವ ಹೊತ್ತಿಗೆ ಸರಿಯಾಗಿ, ತೊಡೆಗೆ ಬಲವಾಗಿ ಒಂದು. ಈರಣ್ಣ ಹೋ ಎನ್ನುತ್ತಿದ್ದ. ಅಪ್ಪ ಕೇಳಿಸಿಕೊಂಡು ಮುಂದೆ ಹೋಗುತ್ತಿದ್ದ. ಹೀಗೆ ಒಂದು ವರ್ಷದ ಮೇಲಾಯಿತು. ಪಾಪ, ಆ ಹುಡುಗ ಒಂದನೇ ಗೋಡೆಯನ್ನೇ ಬಿಡಲಿಲ್ಲ. ಅದರಲ್ಲಿ ನನ್ನ ಪಾಲೂ ಇದ್ದೀತು.

ಎರಡನೇ ವರ್ಷ ಜೋಳ ಕೀಳುವ ಸುಗ್ಗಿಗೆ ಕೈ ಸಾಲದೆ ಅಪ್ಪ ನೇರ ಶಾಲೆಗೇ ಬಂದ. ರುಮಾಲು ತೆಗೆದು ಕೈಯಲ್ಲಿ ಹಿಡಿದು ಬಾಗಿಲ ಹೊರಗೇ ನಿಂತು ಕೇಳಿದ: “ಮಾಸ್ತರ್ರ, ಹುಡುಗ ಇನ್ನೂ ಅಳತಾನೇನ್ರಿ? ಏಳ ವರ್ಷಾತು ಅವಗ. ಇಕೀನ ಕರಕೊಂಡ ಹೋಗಬೇಕಂತ ಬಂದೇನಿ.”

ನಾನು ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮಾಸ್ತರರು ಒಂದು ಸುತ್ತು ಪೂರಾ ತಿರುಗಿದರು. “ಅಳತಾನ. ಯಾಕ ಅಳತಾನ ಅನ್ನೂದು ಬ್ಯಾರೆ ಮಾತು. ನೀವು ಒಳಗ ಬರ್ರಿ ನಿಂಗಪ್ಪ. ಇಲ್ಲಿ ನಿಂದರ್ರಿ, ನಾ ನಿಂದರೂ ಜಾಗಾದಾಗ.”

ಅಪ್ಪ ಜೀವನದಲ್ಲಿ ಮೊದಲ ಸಲ ಶಾಲೆಯ ಒಳಗೆ ಕಾಲಿಟ್ಟ. ಮಾಸ್ತರರು ಅವನನ್ನು ದುಂಡು ಗುರುತಿನ ನಡುವೆ ನಿಲ್ಲಿಸಿ, “ಹೂಂ, ಎಲ್ಲಾ ಗೋಡಿ ಚಾಲೂ ಮಾಡ್ರಿ!” ಎಂದರು. ಒಂದನೆಯವರು ಅ ಆ ಎಂದು, ಎರಡನೆಯವರು ಪದ್ಯ, ಮೂರನೆಯವರು ಏಳರ ಮಗ್ಗಿ, ನಾಲ್ಕನೆಯವರು ಕೃಷ್ಣಾ ಭೀಮಾ ದೋಣಿ ಎಂದು ನದಿಗಳ ಹೆಸರು. ಎಲ್ಲ ಒಮ್ಮೆಲೇ, ಗಂಟಲು ಹರಿಯುವ ಹಾಗೆ.

“ಏನ ಕೇಳಸ್ತರಿ?” ಎಂದರು ಮಾಸ್ತರರು.

“ಏನ ಕೇಳಸ್ತೈತ್ರಿ! ಬಾಗೇವಾಡಿ ಸಂತ್ಯಾಗ ನಿಂತಂಗಾತು.”

ಮಾಸ್ತರರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಬಾಗಿಲ ಕಡೆ ತಿರುಗಿ ಮೊಟ್ಟಮೊದಲ ಸಲ ನನ್ನ ಹೆಸರು ಹಿಡಿದು ಕರೆದರು. “ಶಾಂತವ್ವಾ, ಯಾವ ಗೋಡಿ ತಪ್ಪ ಹೇಳ್ತು?”

ನಾನು ಎದ್ದು ನಿಂತೆ. “ಮೂರನೇದ್ರಿ. ಏಳ ಎಂಟ್ಲೆ ಐವತ್ನಾಕು ಅಂದ್ರು.”

“ಖರೇ ಎಷ್ಟು?”

“ಐವತ್ತಾರ್ರಿ.”

ಅಪ್ಪ ನನ್ನನ್ನು ನೋಡಿದ, ಮಾಸ್ತರರನ್ನು ನೋಡಿದ. ಅಪ್ಪ ಕೆಟ್ಟವನಲ್ಲ, ಲೆಕ್ಕಾಚಾರದ ಮನುಷ್ಯ. “ಆತ್ರಿ. ಆದ್ರ ಜ್ವಾಳಾ ಕೀಳೋರ್ಯಾರು?” ಎಂದ.

“ಒಂದ ತಿಂಗಳಾ ಒಯ್ಯರಿ, ನಾ ಬ್ಯಾಡನ್ನೂದಿಲ್ಲ. ರಾಶಿ ಆದ ಮ್ಯಾಲ ತಿರಗಿ ತಂದ ಬಿಡ್ರಿ. ಜೂನ್‌ದಾಗ ನಾಕನೇ ಗೋಡಿಗಿ ಇಕಿ ಹೆಸರ ಹಚ್ಚತೇನಿ. ನಾ ಒಬ್ಬಾಂವ, ಬೆನ್ನ ಮೂವತ್ತು. ನನ್ನ ಬೆನ್ನಿನ ಹಿಂದ ಆಗೂ ತಪ್ಪ ಕೇಳಸ್ಕೊಳ್ಳೋರು ನನಗೂ ಒಬ್ಬರು ಬೇಕಲ್ರೀ.”

ಅಪ್ಪ ರುಮಾಲು ಸುತ್ತಿಕೊಂಡ. “ರಾಶಿ ಆಗ್ಲಿ” ಎಂದಷ್ಟೇ ಹೇಳಿ ಹೋದ. ಅವನು ಕಣ್ಮರೆಯಾದ ಮೇಲೆ ಮಾಸ್ತರರು ನನ್ನ ಹತ್ತಿರ ಬಂದು ಬಗ್ಗಿ, ಯಾರಿಗೂ ಕೇಳಿಸದ ಹಾಗೆ ಹೇಳಿದರು: “ಇನ್ನ ಮ್ಯಾಲ ಅವನ್ನ ಚೂಟಬ್ಯಾಡ. ತೊಡಿ ಕಪ್ಪಾಗೈತಿ ಹುಡುಗಂದು.” ಅವರು ಮೊದಲಿನಿಂದಲೂ ನೋಡಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ರಾಶಿ ಆಯಿತು, ಅಪ್ಪ ಮಾತು ಉಳಿಸಿಕೊಂಡ. ಜೂನ್‌ನಲ್ಲಿ ನಾನು ನನ್ನ ಗೋಣಿತಟ್ಟು ತೆಗೆದುಕೊಂಡು ಹೋಗಿ ನಾಲ್ಕನೇ ಗೋಡೆಗೆ ಮುಖ ಮಾಡಿ ಕೂತೆ. ಅಷ್ಟು ಸುಖ ನನಗೆ ಮುಂದೆ ಯಾವ ಕುರ್ಚಿಯಲ್ಲೂ ಆಗಲಿಲ್ಲ. ಮರುವರ್ಷ ಹೂವಿನ ಹಿಪ್ಪರಗಿಗೆ ಐದನೇ ಇಯತ್ತೆಗೆ ಹೋದೆ. ಅಷ್ಟರಲ್ಲಿ ಮಾಸ್ತರರಿಗೂ ಇಂಡಿ ಕಡೆ ವರ್ಗವಾಯಿತು. ಆಮೇಲೆ ನಾನು ನರ್ಸ್ ಆದೆ; ಸರಕಾರಿ ದವಾಖಾನೆಗಳಲ್ಲಿ ಮೂವತ್ತು ವರ್ಷ ಕಳೆದೆ.

ಅವರು ಸಿಂದಗಿಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ತಿಳಿಸಿದವನು ಈರಣ್ಣ. ಅವನು ಹೋಗಿ ಬಂದಿದ್ದ. ಅವರ ಕಣ್ಣು ಮಂಜಾಗಿದ್ದವಂತೆ. ಬಂದವರನ್ನೆಲ್ಲ ಹಿಂದೆ ತಿರುಗಿ ನಿಲ್ಲಿಸಿಯೇ ಗುರುತು ಹಿಡಿಯುತ್ತಿದ್ದರಂತೆ. “ನನ್ನ ಬೆನ್ನ ನೋಡಿದವರ, ‘ಈರಣ್ಣಾ, ಇನ್ನೂ ಡೊಂಕ ನಿಂದರ್ತಿ’ ಅಂದ್ರ ನೋಡಕ್ಕಾ” ಎಂದು ಹಿಗ್ಗಿನಿಂದ ಹೇಳಿದ.

ನಾನೂ ಹೋದೆ. ಮಾಸ್ತರರು ಪಡಸಾಲೆಯಲ್ಲಿ ಮಂಚದ ಮೇಲೆ ಕೂತಿದ್ದರು, ಒಂದು ಹಿಡಿಯಷ್ಟಾಗಿದ್ದರು. ನಾನು ಹೆಸರು ಹೇಳಲಿಲ್ಲ. “ತಿರಗವ್ವಾ” ಎಂದರು. ತಿರುಗಿ ನಿಂತೆ. ಬಹಳ ಹೊತ್ತು ನೋಡಿದರು. “ಇದು ನನ್ನ ಸಾಲೀ ಬೆನ್ನ ಅಲ್ಲ. ನೀವು ಬ್ಯಾರೆ ಯಾರೋ” ಎಂದರು, ಬಹುವಚನಕ್ಕೆ ಬದಲಾಯಿಸಿ.

ನನಗೆ ಅಳು ಬಂತು. ಒಂದು ವರ್ಷ ತೋರಿಸಿದ ಬೆನ್ನು ಎಷ್ಟೆಂದು ನೆನಪಿದ್ದೀತು? ಹೋಗಿ, ಹೊಸ್ತಿಲಿನ ಒಳಗೆ, ಬಾಗಿಲ ಚೌಕಟ್ಟಿಗೆ ಒರಗಿ, ಅವರ ಕಡೆ ಮುಖ ಮಾಡಿ ಕೂತೆ. ಅವರ ಮಗಳು ಗಾಬರಿಯಾಗಿ, “ಅಯ್ಯ, ಮ್ಯಾಲ ಕೂಡ್ರಿ ಬಾಯಾರ” ಎಂದಳು.

ಮಾಸ್ತರರು ಕೈ ಎತ್ತಿ ಅವಳನ್ನು ತಡೆದರು.

“ಏಳ ಎಂಟ್ಲೆ?” ಎಂದರು.

“ಐವತ್ತಾರ್ರಿ.”

“ಅದೊಂದ ಸಾಲ್ಯಾಗ ನಾ ದಿನಾ ನೋಡಿದ್ದು ಇದೊಂದ ಮಾರಿ” ಎಂದು ಮಗಳಿಗೆ ಹೇಳಿದರು. ಚಹಾ ಬಂತು, ಕುಡಿದೆವು.

ಮರುವರ್ಷ ಅವರು ತೀರಿಕೊಂಡರು. ಈರಣ್ಣನೇ ಫೋನ್ ಮಾಡಿ ಹೇಳಿದ. ಹೇಳುತ್ತ ಹೇಳುತ್ತ ಚಿಕ್ಕಂದಿನ ಹಾಗೇ ಹೋ ಎಂದು ಅತ್ತುಬಿಟ್ಟ. ಈ ಸಲ ಅವನನ್ನು ಯಾರೂ ಚೂಟಿರಲಿಲ್ಲ.