ಯಾರ ಪೈಕಿ ಎಂದು ಹೇಳದ ಮೇಡಂ

ನಮ್ಮ ಸಮಾಜಶಾಸ್ತ್ರದ ಮೇಡಂ ಎಡಗಣ್ಣನ್ನು ಅರ್ಧ ಮುಚ್ಚಿಕೊಂಡೇ ಮಾತು ಕೇಳುತ್ತಿದ್ದರು. ಹೇಳಿದ್ದರಲ್ಲಿ ಏನಾದರೂ ಅನುಮಾನ ಬಂದರೆ ಆ ಕಣ್ಣು ಪೂರ್ತಿ ಮುಚ್ಚಿ ಬಲಗಣ್ಣು ಅಗಲವಾಗುತ್ತಿತ್ತು, ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಹುಡುಕುವವರ ಹಾಗೆ. ಹಾಸನದ ಕಾಲೇಜಿನಲ್ಲಿ ನಾನು ಎಂ.ಎ. ಓದಿದ ಎರಡು ವರ್ಷವೂ ಆ ಕಣ್ಣಿಗೆ ಬಿಡುವಿರಲಿಲ್ಲ. ಹುಟ್ಟಿನಿಂದಲೇ ಹಾಗೆ ಎಂದು ಕೆಲವರು, ಚಿಕ್ಕಂದಿನಲ್ಲಿ ಸುಣ್ಣ ಬಿದ್ದಿತ್ತಂತೆ ಎಂದು ಕೆಲವರು ಹೇಳುತ್ತಿದ್ದರು. ನನಗೆ ಎರಡರ ಮೇಲೂ ನಂಬಿಕೆಯಿಲ್ಲ. ಅವರ ಪಾಠ ಕೇಳಿದ ಮೇಲೆ ಯಾವುದರ ಮೇಲೂ ಸಲೀಸಾಗಿ ನಂಬಿಕೆ ಬರುವುದಿಲ್ಲ.

ಸಮಾಜ ಕಾಲದಿಂದ ಕಾಲಕ್ಕೆ ಹೇಗೆ ಬದಲಾಗುತ್ತದೆ ಎಂಬ ಪತ್ರಿಕೆ ಅವರದು. ಬೇರೆ ಮೇಷ್ಟ್ರುಗಳು ಸಿದ್ಧಾಂತಗಳನ್ನು ನೋಟ್ಸ್ ಬರೆಸಿ ಮುಗಿಸುತ್ತಿದ್ದರು. ಮೇಡಂ ಮಾತ್ರ ಪ್ರತಿಯೊಂದನ್ನೂ ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುತ್ತಿದ್ದರು. ಮನುಷ್ಯ ಬೇಟೆಯಿಂದ ದನ ಕಾಯುವುದಕ್ಕೆ, ಅಲ್ಲಿಂದ ಬೇಸಾಯಕ್ಕೆ, ಅಲ್ಲಿಂದ ಕಾರ್ಖಾನೆಗೆ ಮೆಟ್ಟಿಲು ಹತ್ತುತ್ತಾ ಬಂದ ಎಂಬ ಸಿದ್ಧಾಂತಕ್ಕೆ, "ತುದಿ ಮೆಟ್ಟಿಲ ಮೇಲೆ ಯಾರು ನಿಂತಿದ್ದಾರೆ ನೋಡ್ಕೊಳ್ಳಿ. ಯಾವಾಗ್ಲೂ ಪುಸ್ತಕ ಬರೆದೋರೇ ಇರ್ತಾರೆ" ಎಂದರು. ಏಳುವುದು ಬೀಳುವುದು ಚಕ್ರದಂತೆ ಎಂಬ ಸಿದ್ಧಾಂತದ ಪಾಠಕ್ಕೆ ನಮ್ಮನ್ನು ಹಾಸನದ ಹತ್ತಿರದ ಮೊಸಳೆ ಎಂಬ ಊರಿನ ಜೋಡಿ ಗುಡಿಗಳ ಮುಂದೆ ಕೂರಿಸಿದ್ದರು. ರಾಜರು ಹೋದರು, ಗುಡಿ ಉಳಿಯಿತು, ಚಕ್ರ ತಿರುಗಿತು ಎಂದು ನಮ್ಮಲ್ಲೊಬ್ಬ ಭಾವುಕನಾಗಿ ಹೇಳಿದ. "ತಿರುಗಿತು ಸರಿ. ಈ ಕಲ್ಲು ಹೊತ್ತೋರು ಯಾವ ಸುತ್ತಿನಲ್ಲಿ ಮೇಲಕ್ಕೆ ಬಂದ್ರಪ್ಪ?" ಎಂದು ಕೇಳಿದರು. ಇದ್ದವರ ಮತ್ತು ಇಲ್ಲದವರ ನಡುವಿನ ಜಗಳವೇ ಸಮಾಜವನ್ನು ಮುಂದೆ ನೂಕುತ್ತದೆ ಎಂಬುದನ್ನು ಅವರು ಕೊಂಚ ಒಪ್ಪುತ್ತಿದ್ದರು. ಅಲ್ಲಿಯೂ ಒಂದು ಕೊಕ್ಕೆ: "ಗೇಣಿದಾರನಿಗೆ ಭೂಮಿ ಸಿಕ್ತು ಅಂತ ಬರೀತೀರಲ್ಲ, ಆ ಭೂಮಿಗೆ ಹೋಗೋ ದಾರಿ ಯಾರ ಹೆಸರಲ್ಲಿದೆ?"

ನಾನು ಮರುಳಾದದ್ದು ಕೊನೆಯ ಸಿದ್ಧಾಂತಕ್ಕೆ. ರಸ್ತೆ, ಬಸ್ಸು, ಶಾಲೆ, ಮೊಬೈಲು ಬಂದರೆ ಹಳೆಯ ಕಟ್ಟಳೆಗಳು ತಾವಾಗಿಯೇ ಸಡಿಲವಾಗುತ್ತವೆ ಎನ್ನುವುದು. ನಮ್ಮೂರು ಶಾಂತಿಗ್ರಾಮದ ಹತ್ತಿರ. ಹೆದ್ದಾರಿ ಇದೆ, ಡೇರಿ ಇದೆ, ಮನೆಗೊಂದು ಬೈಕು ಇದೆ. ನಮ್ಮದು ತಲೆಮಾರುಗಳಿಂದ ಜಮೀನು ಇರುವ ಮನೆ. ಊರು ಸುಧಾರಿಸಿದೆ ಎಂದರೆ ನಮ್ಮನ್ನೂ ಹೊಗಳಿದಂತೆಯೇ ಆಗುತ್ತಿತ್ತು. ಹಾಗಾಗಿ ಕೊನೆಯ ವರ್ಷದ ಕ್ಷೇತ್ರಕಾರ್ಯಕ್ಕೆ ನಮ್ಮೂರನ್ನೇ ಆರಿಸಿಕೊಂಡೆ. ಹಿಂದೆ ಟೀ ಅಂಗಡಿಯಲ್ಲಿ ಕೆಳಗಿನ ಕೇರಿಯವರಿಗೆ ಬೇರೆ ಲೋಟ ಇಡುತ್ತಿದ್ದರು, ಈಗ ಆ ಪದ್ಧತಿ ಪೂರ್ತಿ ನಿಂತಿದೆ ಎಂದು ವರದಿ ಬರೆದೆ. ಮೇಡಂ ಸಹಿ ಇಲ್ಲದೆ ವರದಿ ಸಲ್ಲಿಸುವಂತಿರಲಿಲ್ಲ, ವರದಿ ಇಲ್ಲದೆ ಪಾಸಾಗುವಂತಿರಲಿಲ್ಲ.

ಅವರು ಓದಿದರು. ಎಡಗಣ್ಣು ಮುಚ್ಚಿತು.

"ನಿಂತಿದೆ ಅಂತ ಯಾರು ಹೇಳಿದ್ದು?"

"ಊರಿನವರೇ ಮೇಡಂ. ನಮ್ಮ ದೊಡ್ಡಪ್ಪ, ಡೇರಿ ಅಧ್ಯಕ್ಷರು, ಟೀ ಅಂಗಡಿಯವರು..."

"ಎಲ್ಲಾ ಮೇಲಿನ ಕೇರಿಯೋರೇ ಹೇಳಿದ್ದಾರೆ. ಭಾನುವಾರ ಬರ್ತೀನಿ, ಇರು."

ಬಂದೇಬಿಟ್ಟರು, ಚನ್ನರಾಯಪಟ್ಟಣದ ಬಸ್ಸಿನಲ್ಲಿ, ಕೈಯಲ್ಲೊಂದು ಕೊಡೆ ಹಿಡಿದುಕೊಂಡು. ಟೀ ಅಂಗಡಿಯ ಬೆಂಚಿನ ಮೇಲೆ ಒಂದು ಗಂಟೆ ಕೂತರು. ಏನೂ ಬರೆದುಕೊಳ್ಳಲಿಲ್ಲ. ಕೆಲವರಿಗೆ ಗಾಜಿನ ಲೋಟ ಬರುತ್ತಿತ್ತು, ಕೆಲವರಿಗೆ ಪೇಪರ್ ಲೋಟ. ಅದೇ ಅಂಗಡಿಯಲ್ಲಿ ನಾನು ನೂರಾರು ಸಲ ಟೀ ಕುಡಿದಿದ್ದೇನೆ, ಒಮ್ಮೆಯೂ ಗಮನಿಸಿರಲಿಲ್ಲ. ಮೇಡಂ ಅಂಗಡಿಯವನನ್ನು ಕೇಳಿದರು.

"ಅಯ್ಯೋ, ಅವ್ರೇ ಕೇಳ್ತಾರೆ ಮೇಡಂ. ಕ್ಲೀನಾಗಿರ್ತದೆ ಅಂತ" ಎಂದ ಅವನು.

ಮೇಡಂ ಎದ್ದು ಹೋಗಿ, ಹುಣಸೆಮರದ ಕೆಳಗೆ ಪೇಪರ್ ಲೋಟ ಹಿಡಿದು ನಿಂತಿದ್ದ ಮುದುಕರೊಬ್ಬರನ್ನು ಕೇಳಿದರು. ನಮ್ಮ ಹೊಲದ ಕೆಲಸಕ್ಕೆ ನನ್ನ ತಾತನ ಕಾಲದಿಂದ ಬರುತ್ತಿದ್ದವರು ಅವರು. ಮುದುಕರು ಒಮ್ಮೆ ನನ್ನ ಮುಖ ನೋಡಿದರು.

"ನಾವ್ ಯಾಕವ್ವಾ ಕೇಳುಮಾ? ನಮ್ಮನ್ನ ಕಂಡೇಟ್ಗೆ ಅವ್ರೇ ಇದ್ರಲ್ಲಿ ಉಯ್ತಾರೆ. ಮೊದ್ಲು ಕುಡ್ದು ತೊಳ್ದು ಮಡಗ್ಬೇಕಿತ್ತು. ಈಗ ಬಿಸಾಕುದ್ರೆ ಆಯ್ತು."

ಇಷ್ಟರಲ್ಲೇ ನನ್ನ ವರದಿಯ ಕಥೆ ಮುಗಿದಿತ್ತು. ಆದರೂ ಮನೆಗೆ ಕರೆಯದೆ ಕಳಿಸುವುದು ಹೇಗೆ? ಕರೆದುಕೊಂಡು ಹೋದೆ. ಅಪ್ಪ ಜಗಲಿಯಿಂದ ಎದ್ದು ಕುರ್ಚಿ ಹಾಕಿದರು. ಅಮ್ಮ ಸೆರಗು ಸರಿಮಾಡಿಕೊಂಡು ಬಂದು ಕ್ಷೇಮಸಮಾಚಾರ ಶುರುಮಾಡಿದಳು.

"ಯಾವ್ ಕಡೆಯೋರು ಮೇಡಮ್ಮೋರೇ?"

"ಅರಕಲಗೂಡು ಕಡೆ ಅಮ್ಮ."

"ಅರಕಲಗೂಡ್ನಲ್ಲಿ ಯಾರ್ ಪೈಕಿ?"

ಮೇಡಂ ನಕ್ಕರು. "ಹೇಳ್ತೀನಮ್ಮ, ಮೊದಲು ಕಾಫಿ ಆಗಲಿ."

ಅಮ್ಮ ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಪಾತ್ರೆ ಎತ್ತಿಟ್ಟ ಸದ್ದು, ಮತ್ತೆ ಎತ್ತಿಟ್ಟ ಸದ್ದು. ಕೊನೆಗೆ ತಟ್ಟೆ ಹಿಡಿದು ಬಂದಳು. ಮೇಡಂಗೆ ಪೇಪರ್ ಲೋಟ. ಅಪ್ಪನಿಗೂ ಪೇಪರ್ ಲೋಟ, ನನಗೂ ಪೇಪರ್ ಲೋಟ. ಆಳುಗಳಿಗೆಂದು ಅಟ್ಟದ ಮೇಲಿಟ್ಟಿದ್ದ ಕಟ್ಟಿನಿಂದ ಬಿಚ್ಚಿ ತಂದದ್ದು. ಆ ಕಟ್ಟು ನಮ್ಮ ಮನೆಯಲ್ಲಿದೆ ಎಂಬುದು ನನಗೆ ಗೊತ್ತಿತ್ತು. ತೊಳೆಯುವ ತಾಪತ್ರಯ ತಪ್ಪಲಿ ಎಂದು ತಂದಿದ್ದಾರೆ ಎಂದುಕೊಂಡಿದ್ದೆ. ನಮ್ಮ ಮನೆಯ ಜಗಲಿಯ ಮೇಲೆ ನನ್ನ ಅಪ್ಪ ಪೇಪರ್ ಲೋಟದಲ್ಲಿ ಕಾಫಿ ಕುಡಿದದ್ದು ಅದೇ ಮೊದಲು. ಹೇಗೆ ಹಿಡಿದುಕೊಳ್ಳಬೇಕೆಂದೇ ತಿಳಿಯದೆ ಪಂಚೆಯ ಮೇಲೆ ಚೆಲ್ಲಿಕೊಂಡರು.

ಮೇಡಂ ನಿಧಾನವಾಗಿ ಪೂರ್ತಿ ಕುಡಿದರು. ಅಮ್ಮ ಕಂಬಕ್ಕೆ ಒರಗಿ ಕಾಯುತ್ತಲೇ ಇದ್ದಳು.

"ಇನ್ನು ಹೇಳಿ ಪ್ರಯೋಜನ ಇಲ್ಲವಲ್ಲಮ್ಮ, ಕುಡಿದಾಯ್ತು. ಕಾಫಿ ಚೆನ್ನಾಗಿತ್ತು" ಎಂದು ಮೇಡಂ ಎದ್ದರು.

ಬಸ್ ಸ್ಟಾಪಿನಲ್ಲಿ ನನಗೆ ಅವರ ಮುಖ ನೋಡಲಾಗಲಿಲ್ಲ. ಅವರಿಗೆ ಸಿಟ್ಟೇನೂ ಇದ್ದಂತಿರಲಿಲ್ಲ. "ನಾನು ಯಾರು ಅಂತ ಗೊತ್ತಾಗದೇ ಇದ್ದಿದ್ದಕ್ಕೆ ಇವತ್ತು ನಿಮ್ಮನೇಲಿ ಎಲ್ಲರೂ ಒಂದೇ ಆದ್ರಿ. ಇದಕ್ಕೆ ಯಾವ ಸಿದ್ಧಾಂತ ಹಾಕ್ತೀಯಪ್ಪ?" ಎಂದು ಕೇಳಿ ಬಸ್ಸು ಹತ್ತಿದರು.

ವರದಿಯನ್ನು ತಿದ್ದಿದೆ. ಪದ್ಧತಿ ನಿಂತಿಲ್ಲ, ಬೇರೆ ವೇಷ ಹಾಕಿಕೊಂಡಿದೆ ಎಂದು ಬರೆದೆ. ಟೀ ಅಂಗಡಿಯನ್ನು ಬರೆದೆ, ಮುದುಕರ ಮಾತನ್ನು ಬರೆದೆ. ನಮ್ಮ ಮನೆಯನ್ನು ಮಾತ್ರ ಬಿಟ್ಟೆ. ಮೇಡಂ ಕೊನೆಯ ಪುಟದವರೆಗೆ ಓದಿ ಸಹಿ ಹಾಕಿ, "ಒಂದು ಮನೆ ಬಿಟ್ಟುಹೋಗಿದೆ" ಎಂದರು, ಅಷ್ಟೆ. ನಾನು ಪಾಸಾದೆ.

ಅಂದಿನಿಂದ ಅಮ್ಮನಿಗೊಂದು ಕೊರೆತ ಅಂಟಿಕೊಂಡಿತು. "ಯಾರ್ ಪೈಕಿಲಾ ಆ ಮೇಡಮ್ಮ?" ಎಂದು ಹಬ್ಬಹುಣ್ಣಿಮೆಗೆಲ್ಲ ಕೇಳುತ್ತಿದ್ದಳು. ಗೊತ್ತಿಲ್ಲ, ಗೊತ್ತಾಗಿ ಏನಾಗಬೇಕು ಎಂದು ದೊಡ್ಡಸ್ತಿಕೆಯಿಂದ ರೇಗುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ಭಾನುವಾರದ ನಂತರ ನಾನೂ ಹುಡುಕುತ್ತಿದ್ದೆ. ಅವರ ಹೆಸರಿನ ಹಿಂದೆಮುಂದೆ ಹುಡುಕಿದೆ. ಸ್ಟಾಫ್ ರೂಮಿನಲ್ಲಿ ಅವರು ಡಬ್ಬಿ ಬಿಚ್ಚುವಾಗ ಏನೋ ನೆಪ ಮಾಡಿಕೊಂಡು ಹೋಗಿ ಇಣುಕಿದೆ. ಮುದ್ದೆ, ಹುರುಳಿಕಾಳಿನ ಸಾರು. ಅದರಿಂದ ಈ ಜಿಲ್ಲೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಕೆಳಗಿನ ಕೇರಿಯವರೇ ಇರಬೇಕು, ಇಲ್ಲದಿದ್ದರೆ ಯಾಕೆ ಮುಚ್ಚಿಡುತ್ತಿದ್ದರು ಎಂದು ನನ್ನಷ್ಟಕ್ಕೆ ತೀರ್ಮಾನಿಸಿ, ಆ ತೀರ್ಮಾನದ ಮೇಲೆ ಅವರನ್ನು ಇನ್ನಷ್ಟು ಗೌರವಿಸತೊಡಗಿದೆ. ಆ ಗೌರವವೂ ಎಂಥದ್ದೋ.

ಕಳೆದ ವರ್ಷ ಮೇಡಂ ತೀರಿಕೊಂಡರು. ನಾನೀಗ ಚನ್ನರಾಯಪಟ್ಟಣದಲ್ಲಿ ಅವರದೇ ವಿಷಯ ಪಾಠ ಮಾಡುತ್ತೇನೆ. ಸುದ್ದಿ ಬಂದ ಕೂಡಲೇ ಹೊರಟೆ. ಅರಕಲಗೂಡಿನ ಆಚೆ, ಅವರ ಅಣ್ಣನ ಹೊಲದಲ್ಲಿ ಮಣ್ಣು ಮಾಡುವ ಹೊತ್ತಿಗೆ ತಲುಪಿದೆ. ಗುಂಪಿನಲ್ಲಿ ಹೊಳೆನರಸೀಪುರದ ನನ್ನ ಸೋದರಮಾವ ನಿಂತಿದ್ದರು.

"ನೀನೇನ್ಲಾ ಇಲ್ಲಿ?" ಎಂದರು. ನನ್ನ ಮೇಡಂ ಎಂದೆ.

"ಓ, ಅಂಗಾ! ನಮ್ಮೋರೇ ಕಣ್ಲಾ ಇವ್ರು. ನಿಮ್ಮಜ್ಜಿ ತವ್ರುಮನೆ ಕಡೆ ಸಂಬಂಧ. ನಿಮ್ಮವ್ವಂಗೆ ಗೊತ್ತಿಲ್ವಾ?"

ಅವತ್ತು ಜಗಲಿಯ ಮೇಲೆ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ಅಮ್ಮ ಕೈಹಿಡಿದು ನಡುಮನೆಗೆ ಕರೆದುಕೊಂಡು ಹೋಗುತ್ತಿದ್ದಳು. ಆ ಮಾತು ಬಾಯಲ್ಲಿದ್ದೂ ಆಡದೆ ಕುಡಿದು ಎದ್ದಿದ್ದರು ಮೇಡಂ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಅಯ್ಯೋ ಸಿವನೇ, ನಮ್ಮೋರಾ? ಒಂದ್ಮಾತು ಏಳ್ಬಾರ್ದಿತ್ತಾ? ಬೆಳ್ಳಿ ಲೋಟ್ದಲ್ಲಿ ಕೊಡ್ತಿದ್ನಲ್ಲಾ!"

ಅವಳ ಮೇಲೆ ರೇಗಲು ಬಾಯಿ ತೆರೆದೆ. ಆದರೆ ಮೇಡಂ ಇದ್ದಿದ್ದರೆ ಎಡಗಣ್ಣು ಮುಚ್ಚಿ ಕೇಳುತ್ತಿದ್ದದ್ದು ಅಮ್ಮನನ್ನಲ್ಲ, ನನ್ನನ್ನು. ಯಾಕೆಂದರೆ ಮಾವ "ನಮ್ಮೋರೇ" ಎಂದ ಆ ಗಳಿಗೆಯಲ್ಲಿ, ನನಗೆ ಯೋಚಿಸುವುದನ್ನು ಕಲಿಸಿದವರ ಮೇಲೆ ಮಣ್ಣು ಬೀಳುತ್ತಿರುವಾಗ, ನನಗೆ ಒಳಗೊಳಗೇ ಸಮಾಧಾನವಾಗಿತ್ತು.