ಬಿಚ್ಚದ ಕೆಂಪು ಪಟ್ಟಿ

ನಾನು ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ನಗುವವರು ಇಲ್ಲೇ ನಕ್ಕು ಮುಗಿಸಲಿ. ಧನ ಚಿಹ್ನೆಯ ಬದಲು ಋಣ ಚಿಹ್ನೆ ಹಾಕಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವಳು ನಾನು. ಈ ಚಳಿಗಾಲದಲ್ಲಿ ಒಂದು ಅಂಕಿಯನ್ನು ನಾನೇ ತಪ್ಪಾಗಿ ಓದಿದೆ, ಅದೂ ಅಕ್ಕನ ದುಡ್ಡಿಟ್ಟು.

ಅಕ್ಕ ತಿಕೋಟಾದ ಹತ್ತಿರ ದ್ರಾಕ್ಷಿ ಬೆಳೆಯುತ್ತಾಳೆ. ಅರ್ಧ ಹಣ್ಣನ್ನು ಹಸಿಯಾಗಿಯೇ ದಲ್ಲಾಳಿಗೆ ಕೊಟ್ಟು, ಉಳಿದದ್ದನ್ನು ಮನೆಯ ಮುಂದಿನ ಶೆಡ್ಡಿನಲ್ಲಿ ಹರಡಿ ಒಣದ್ರಾಕ್ಷಿ ಮಾಡುತ್ತಾಳೆ. ಗಾಳಿ ಆಡಬೇಕಾದ್ದರಿಂದ ಶೆಡ್ಡಿಗೆ ಗೋಡೆಯಿಲ್ಲ. ಮಳೆ ಬಂದರೆ ಇಳಿಬಿಡಲು ನಾಲ್ಕು ಬದಿಗೂ ಪ್ಲಾಸ್ಟಿಕ್ ಪರದೆ ಬೇಕು. ಹಿಂದಿನ ವರ್ಷ ಪರದೆ ಹರಿದು, ಒಂದೇ ಮಳೆಗೆ ಅರ್ಧ ಮಾಲು ಕಪ್ಪಾಗಿತ್ತು. ಹೊಸ ಪರದೆಗೆಂದು ಕೂಡಿಸಿದ ಹಣವನ್ನು ದಸರೆಯಲ್ಲಿ ಅವಳು ನನ್ನ ಕೈಗಿಟ್ಟಳು.

"ನನ್ನ ಹತ್ರ ಇದ್ರ ಗೊಬ್ಬರಕ್ಕ, ಔಷಧಕ್ಕ ಕರಗಿ ಹೋಗ್ತೈತಿ ಬೇ. ನೀ ಲೆಕ್ಕದಾಕಿ, ನಿನ್ನ ಹತ್ರ ಇರ್ಲಿ. ಹಣ್ಣು ಕೊಯ್ಯೂಕಿಂತ ಮೊದ್ಲ ಕೊಡು," ಅಂದಳು.

ಲೆಕ್ಕದವಳು! ಅಥಣಿ ರಸ್ತೆಯ ನಮ್ಮ ಮನೆಯ ಸಾಲದ ಕಂತು ಕಟ್ಟಿದ ಮೇಲೆ ನನ್ನ ಸಂಬಳದಲ್ಲಿ ಉಳಿಯುತ್ತಿದ್ದುದು ಅಷ್ಟಕ್ಕಷ್ಟೇ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ವಿಜ್ಞಾನದ ಶಿಕ್ಷಕರು ಮೊಬೈಲಿನಲ್ಲಿ ಬಿಟ್‌ಕಾಯಿನ್ ಫ್ಯೂಚರ್ಸ್ ಆಡುತ್ತಿದ್ದರು. ಮುಂದೆ ಬೆಲೆ ಏರುತ್ತದೆ ಎಂದು ಒಬ್ಬ, ಇಳಿಯುತ್ತದೆ ಎಂದು ಇನ್ನೊಬ್ಬ ಮಾಡಿಕೊಳ್ಳುವ ಸೌದಾ ಅದು. ಒಂದು ರೂಪಾಯಿ ಇಟ್ಟು ಐದು ರೂಪಾಯಿಯಷ್ಟು ಸೌದಾ ಹಿಡಿಯಬಹುದು. ಆದರೆ ಬೆಲೆ ಐದರಲ್ಲೊಂದು ಪಾಲು ಬಿದ್ದರೆ ಆ್ಯಪ್ ತಾನೇ ಸೌದಾ ಮುಗಿಸುತ್ತದೆ, ಇಟ್ಟ ದುಡ್ಡು ಪೂರಾ ಹೋಗುತ್ತದೆ. ಕೊಯ್ಲಿಗೆ ಇನ್ನೂ ದಿನಗಳಿವೆ, ಅಷ್ಟರಲ್ಲಿ ಪರದೆಯ ಹಣ ಉಳಿದು ನನಗೂ ಒಂದಿಷ್ಟು ಸಿಕ್ಕೀತು ಎಂದು ದುರಾಸೆಯಾಯಿತು. ಅದಕ್ಕೆ ಬೇರೆ ಹೆಸರು ಕೊಡಲಾರೆ. ಅಕ್ಕನ ದುಡ್ಡಷ್ಟನ್ನೂ ಇಟ್ಟು, ಬೆಲೆ ಏರುತ್ತದೆ ಎಂದು ಸೌದಾ ಹಿಡಿದೆ.

ಮೊದಲು ಏರಿತು. ಆಮೇಲೆ ನಿಂತಿತು, ನಿಧಾನಕ್ಕೆ ಜಾರತೊಡಗಿತು. ಹಲಗೆಯ ಮೇಲೆ ವೃತ್ತ ಬರೆಯುತ್ತ ಮಧ್ಯದಲ್ಲೇ ನಿಲ್ಲುತ್ತಿದ್ದೆ, ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿ ಹೋಗುತ್ತಿದ್ದೆ. ಅನ್ನ ಸೇರುತ್ತಿರಲಿಲ್ಲ. ಒಂದೇ ಸಮಾಧಾನವೆಂದರೆ ಮೊಬೈಲಿನಲ್ಲಿ ಕಾಣುತ್ತಿದ್ದ ಇನ್ನೊಂದು ಅಂಕಿ, ಓಪನ್ ಇಂಟರೆಸ್ಟ್. ಮಾಡಿಕೊಂಡು ಇನ್ನೂ ಮುಗಿಸದೆ ತೆರೆದೇ ಇಟ್ಟ ಸೌದಾಗಳು ಒಟ್ಟು ಎಷ್ಟು ಎಂದು ಅದು ಹೇಳುತ್ತದೆ. ಬೆಲೆ ಜಾರುತ್ತಿದ್ದರೂ ಆ ಅಂಕಿ ದಿನವೂ ಏರುತ್ತಿತ್ತು.

"ಮಂದಿ ನುಗ್ಗಾಕತ್ತಾರ್ರಿ ಮೇಡಂ. ಈಗ ಬಿಡಬ್ಯಾಡ್ರಿ," ಎಂದರು ವಿಜ್ಞಾನದವರು.

ನಾನು ತಕ್ಷಣ ನಂಬಿದೆ. ಅದಕ್ಕೆ ಕಾರಣ ಅವರಲ್ಲ, ನನ್ನ ಬಾಲ್ಯ. ನಮ್ಮ ಕಡೆಯ ದಲ್ಲಾಳಿಗಳು ಆವತ್ತಿನ ರೇಟಿಗೆ ತೋಟದ ಸೌದಾ ಕುದುರಿದೊಡನೆ ಸಂಚಕಾರವೆಂದು ಒಂದಿಷ್ಟು ಮುಂಗಡ ಕೊಟ್ಟು, ದಾರಿಬದಿಯ ಮೊದಲ ಕಂಬಕ್ಕೆ ಕೆಂಪು ಬಟ್ಟೆಯ ಪಟ್ಟಿ ಕಟ್ಟುತ್ತಿದ್ದರು. ಹಣ್ಣು ಕೊಯ್ದು ಬಾಕಿ ಹಣ ಕೊಟ್ಟ ದಿನ ಅದನ್ನು ಬಿಚ್ಚುವುದು. ಬಸ್ಸಿನ ಕಿಟಕಿಯಿಂದ ನಾವು ಪಟ್ಟಿ ಎಣಿಸುತ್ತಿದ್ದೆವು. ಪಟ್ಟಿ ಹೆಚ್ಚಿದ್ದರೆ ಕೊಳ್ಳುವವರು ಬಂದಿದ್ದಾರೆ, ಈ ಸಲ ರೇಟು ಏರುತ್ತದೆ ಎಂದು ಬಸ್ಸಿನಲ್ಲಿದ್ದವರೆಲ್ಲ ಹೇಳುತ್ತಿದ್ದರು. ಓಪನ್ ಇಂಟರೆಸ್ಟನ್ನೂ ನಾನು ಹಾಗೆಯೇ ಕಿಟಕಿಯಿಂದ ಎಣಿಸಿದೆ.

ಕೊಯ್ಲಿಗೆ ಹತ್ತು ದಿನವಿದ್ದಾಗ ಅಕ್ಕ ಫೋನು ಮಾಡಿ, "ರವಿವಾರ ದುಡ್ಡು ತೊಗೊಂಡು ಬಾ, ಪರದೆದವಗ ಹೇಳೀನಿ," ಅಂದಳು. ದುಡ್ಡಿಲ್ಲದೆ ಹೋದೆ. ಏನಾದರೊಂದು ನೆಪ ಹೇಳಿ ಒಂದು ವಾರ ತಳ್ಳಬೇಕೆಂದಿತ್ತು. ದಾರಿಯುದ್ದಕ್ಕೂ ತೋಟಗಳಲ್ಲಿ ಎಂದಿಗಿಂತ ಹೆಚ್ಚು ಕೆಂಪು ಪಟ್ಟಿಗಳು ಕಂಡವು. ಮನಸ್ಸಿಗೆ ಸ್ವಲ್ಪ ಹಿತವಾಯಿತು.

"ಈ ಸಲ ಪಟ್ಟಿ ಭಾಳ ಅದಾವ ಅಕ್ಕಾ, ರೇಟು ಏರ್ತೈತಿ," ಎಂದೆ.

ಅಕ್ಕ ಬಳ್ಳಿಯ ಒಣ ಎಲೆ ಕೀಳುತ್ತಲೇ ನಕ್ಕಳು. "ಬಸ್ಸಿನ್ಯಾಗ ಕುಂತವ್ರು ಹಂಗ ಅಂತಾರ. ಪಟ್ಟಿ ಕಟ್ಟಿದಾಂವ ಒಬ್ಬ, ಕಟ್ಟಿಸ್ಕೊಂಡಾಕಿ ಒಬ್ಬಾಕಿ. ರೇಟು ಏರ್ತೈತಂತ ಆಂವ ಕಟ್ಯಾನ. ಇಳೀತೈತಂತ ಅಂಜಿ ನಾ ಈಗ ಕೊಟ್ಟೀನಿ. ಇಬ್ಬರೂ ಸಿಕ್ಕೊಂಡೀವಿ ಅಂತ ಅಷ್ಟ ಹೇಳ್ತೈತಿ ಆ ಪಟ್ಟಿ."

"ಹಂಗಾರ ಪಟ್ಟಿ ಭಾಳ ಆದ್ರ?"

"ಸಿಕ್ಕೊಂಡವ್ರು ಭಾಳ ಆದ್ರು. ಹಿಂದ ಒಮ್ಮೆ ರೇಟು ಮುರೀತು ನೋಡು, ಒಬ್ಬ ದಲ್ಲಾಳಿ ಪಟ್ಟಿ ಕಿತ್ತು ಓಡಿದ, ಅವನ್ನ ನೋಡಿ ಇನ್ನೊಬ್ಬ ಓಡಿದ. ಎರಡು ದಿನದಾಗ ಒಂದೂ ಪಟ್ಟಿ ಉಳೀಲಿಲ್ಲ."

ಪ್ರತಿ ಸೌದಾಕ್ಕೂ ಎರಡು ಕಡೆ, ಇದು ನಾನು ಸಮೀಕರಣದ ಪಾಠದಲ್ಲಿ ಬಾಯಿ ನೋಯುವಷ್ಟು ಹೇಳುವ ಮಾತು. ಓಪನ್ ಇಂಟರೆಸ್ಟ್ ಏರಿದ್ದು ಕೊಳ್ಳುವವರು ಮಾತ್ರ ಹೆಚ್ಚಾಗಿ ಅಲ್ಲ. ಏರುತ್ತದೆ ಎಂದು ಒಂದಕ್ಕೆ ಐದರಂತೆ ಹಿಡಿದ ನನ್ನಂಥವರೂ ಹೆಚ್ಚಾಗಿದ್ದರು, ಬೀಳುತ್ತದೆ ಎಂದು ಎದುರು ನಿಂತವರೂ ಅಷ್ಟೇ ಇದ್ದರು. ಬೆಲೆ ನಮ್ಮ ವಿರುದ್ಧವೇ ಜಾರುತ್ತಿತ್ತು. ಒಬ್ಬರ ಸೌದಾವನ್ನು ಆ್ಯಪ್ ಬಲವಂತವಾಗಿ ಮುಗಿಸಿದರೆ ಬೆಲೆ ಇನ್ನಷ್ಟು ಬೀಳುತ್ತದೆ, ಆಗ ಮತ್ತೊಬ್ಬರ ಸರದಿ. ನಾನೇ ಸೌದಾ ಮುಗಿಸಲು ಅಲ್ಲೇ ಬಳ್ಳಿಯ ಕೆಳಗೆ ನಿಂತು ಫೋನು ತೆಗೆದೆ. ನೆಟ್‌ವರ್ಕ್ ಒಂದೇ ಗೀರು ಇತ್ತು. ಆ್ಯಪಿನ ಚಕ್ರ ತಿರುಗುತ್ತಲೇ ಇತ್ತು. ಕೊನೆಗೆ ಸೌದಾ ಮುಗಿಯಿತು. ಅಕ್ಕನ ದುಡ್ಡಿನಲ್ಲಿ ನಾಲ್ಕರಲ್ಲೊಂದು ಪಾಲು ಹೋಗಿತ್ತು.

ಎರಡು ದಿನದ ಮೇಲೆ ಬಿಟ್‌ಕಾಯಿನ್ ಮಾರುಕಟ್ಟೆ ಮುರಿಯಿತು. ಓಪನ್ ಇಂಟರೆಸ್ಟ್ ಒಂದೇ ತಾಸಿನಲ್ಲಿ ಅರ್ಧಕ್ಕಿಳಿಯಿತು, ವಿಜ್ಞಾನದವರು ವಾರಪೂರ್ತಿ ರಜೆ ಹಾಕಿದರು. ನನ್ನ ಪುಣ್ಯ ಎಂದು ಹಿಗ್ಗಲು ಆಗಲಿಲ್ಲ. ಏಕೆಂದರೆ ಅದಕ್ಕೂ ಮೊದಲು, ಆ ಭಾನುವಾರವೇ, ಅಕ್ಕನಿಗೆ ಎಲ್ಲ ಹೇಳಿಯಾಗಿತ್ತು.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಶೆಡ್ಡಿನ ಸುತ್ತ ಒಂದು ಸುತ್ತು ಬಂದಳು.

"ಉಳಿದದ್ದರಾಗ ಮೂರು ಬದಿ ಆಗ್ತಾವ. ಮನಿ ಕಡಿ ಬದಿ ಬಿಡೋಣು, ಗ್ವಾಡಿ ಒಂದೀಟು ಅಡ್ಡ ಆಗ್ತೈತಿ."

"ತಿಂಗಳಾ ಒಂದಿಷ್ಟು ಕೊಟ್ಟು ತೀರಿಸ್ತೀನಿ ಅಕ್ಕಾ."

ಅವಳು ಮನೆಯೊಳಗೆ ಹೋದಳು. ಹೋದ ವರ್ಷ ದಲ್ಲಾಳಿ ಬಿಚ್ಚಿ ಎಸೆದಿದ್ದ ಕೆಂಪು ಪಟ್ಟಿಯೊಂದನ್ನು ಒಳಗಿನಿಂದ ತಂದು, ಮನೆಯ ಕಡೆಯ ಕಂಬಕ್ಕೆ ಎರಡು ಗಂಟು ಹಾಕಿ ಕಟ್ಟಿದಳು. "ಇದು ನಿಂದೂ ನಂದೂ ಸೌದಾ. ಈ ಬದಿಗೂ ಪರದೆ ಬಂದ ದಿನ ನೀನ ಬಿಚ್ಚು," ಅಂದಳು.

ಈಗ ಹಣ್ಣು ಶೆಡ್ಡಿನಲ್ಲಿದೆ. ಬಬಲೇಶ್ವರದಲ್ಲಿ ಪಾಠ ಮಾಡುವಾಗ ತಿಕೋಟಾದ ದಿಕ್ಕಿನಲ್ಲಿ ಮೋಡ ಕಂಡರೆ ಸೀಮೆಸುಣ್ಣ ಕೈಯಲ್ಲೇ ನಿಲ್ಲುತ್ತದೆ. ಹೊರಗೆ ಹೋಗಿ ಫೋನು ಹಚ್ಚುತ್ತೇನೆ. ನಾನು ಕೇಳುವ ಮೊದಲೇ ಅಕ್ಕ ಹೇಳುತ್ತಾಳೆ, "ಮಳಿ ಇಲ್ಲ ಬೇ. ಪಟ್ಟಿ ಐತಿ."